ಹಳೆಯ ಜಪಾನೀ ಕಾರಿನ ಎಂಜಿನ್ ಕೈಕೊಟ್ಟಾಗ: ಬಿಚ್ಚುವ ಮೊದಲು ಅಳೆಯಿರಿ

1980 ಮತ್ತು 90ರ ದಶಕಗಳ ಟೊಯೋಟಾ, ಹೋಂಡಾ, ನಿಸ್ಸಾನ್, ಮಜ್ದಾ, ಮಿತ್ಸುಬಿಷಿ ಕಾರುಗಳಲ್ಲಿ ‘ಎಂಜಿನ್ ಹೋಯಿತು’ ಎಂಬ ದೂರು ಬಂದಾಗ, ನಿಜವಾಗಿ ಎಂಜಿನ್ ಹೋಗಿರುವುದು ಅಪರೂಪ. ಒಳಗಿನ ಕ್ರ್ಯಾಂಕ್, ಪಿಸ್ಟನ್, ಬ್ಲಾಕ್ ಇನ್ನೂ ಗಟ್ಟಿಮುಟ್ಟಾಗಿರುತ್ತವೆ. ಮುಪ್ಪು ಬಂದಿರುವುದು ಅವುಗಳ ಸುತ್ತಲಿನ ರಬ್ಬರ್ ಪೈಪುಗಳಿಗೆ, ಪ್ಲಾಸ್ಟಿಕ್ ಕನೆಕ್ಟರುಗಳಿಗೆ, ರಿಲೇ ಎಂಬ ವಿದ್ಯುತ್ ಸ್ವಿಚ್ಚಿನೊಳಗಿನ ಬೆಸುಗೆಗೆ, ಬಾಡಿಗೆ ಬಿಗಿದ ಅರ್ತ್ ತಂತಿಗೆ. ಆದ್ದರಿಂದ ಈ ಕಾರುಗಳ ರಿಪೇರಿಯಲ್ಲಿ ಒಂದು ನಿಯಮವನ್ನು ನಾನು ಬಿಡದೆ ಪಾಲಿಸುತ್ತೇನೆ: ಮೀಟರಿನಲ್ಲಿ ತಪ್ಪು ಕಾಣುವವರೆಗೆ ಯಾವ ಭಾಗವನ್ನೂ ಬದಲಿಸುವುದಿಲ್ಲ. ಊಹೆಯ ಮೇಲೆ ಒಂದೊಂದೇ ಸೆನ್ಸರ್ ಬದಲಿಸುತ್ತ ಹೋದರೆ ಚೆನ್ನಾಗಿದ್ದ ಹಳೆಯ ಒರಿಜಿನಲ್ ಭಾಗ ಕಸಕ್ಕೆ ಹೋಗುತ್ತದೆ, ಅದರ ಜಾಗದಲ್ಲಿ ಕಳಪೆಯಾದ ಹೊಸದು ಕೂರುತ್ತದೆ, ಮೂಲ ದೋಷ ಹಾಗೆಯೇ ಉಳಿದು ಇನ್ನೊಂದು ಹುಟ್ಟಿಕೊಳ್ಳುತ್ತದೆ.

ಈ ಲೇಖನದಲ್ಲಿ ಪರೀಕ್ಷೆಗಳನ್ನು ಯಾವ ಕ್ರಮದಲ್ಲಿ ಮಾಡಬೇಕೋ ಅದೇ ಕ್ರಮದಲ್ಲಿ ಬರೆದಿದ್ದೇನೆ. ಸುಲಭವಾದದ್ದು, ಏನನ್ನೂ ಬಿಚ್ಚಬೇಕಿಲ್ಲದ್ದು ಮೊದಲು. ಸಿಲಿಂಡರ್ ಹೆಡ್ ಬಿಚ್ಚುವ ಮಾತು ಕೊನೆಗೆ.

ಕೈಯಲ್ಲಿ ಇರಬೇಕಾದದ್ದು

ಒಂದು ಡಿಜಿಟಲ್ ಮಲ್ಟಿಮೀಟರ್, ಕಂಪ್ರೆಷನ್ ಗೇಜ್, ವ್ಯಾಕ್ಯೂಮ್ ಗೇಜ್, ಫೀಲರ್ ಗೇಜ್ (ಸಣ್ಣ ಸಂದು ಅಳೆಯುವ ತೆಳು ಪಟ್ಟಿಗಳು), ಡಿಸ್ಟ್ರಿಬ್ಯೂಟರ್ (ಪ್ಲಗ್ಗುಗಳಿಗೆ ಕಿಡಿ ಹಂಚುವ ಭಾಗ) ಇರುವ ಕಾರಾದರೆ ಟೈಮಿಂಗ್ ಲೈಟ್ (ಕಿಡಿ ಹಾರುವ ಗಳಿಗೆ ಅಳೆಯುವ ದೀಪ). ಸ್ಪ್ಯಾನರ್ ಮತ್ತು ಸಾಕೆಟುಗಳಲ್ಲಿ 10, 12, 14, 17 ಎಂಎಂ ಇದ್ದರೆ ಮುಕ್ಕಾಲು ಕೆಲಸ ನಡೆಯುತ್ತದೆ. ಯುರೋಪಿನ ಕಾರುಗಳಲ್ಲಿ 13 ಎಂಎಂ ತಲೆ ಇರುವ ಬೋಲ್ಟಿಗೆ ಜಪಾನೀ ಕಾರಿನಲ್ಲಿ ಸಾಮಾನ್ಯವಾಗಿ 12 ಎಂಎಂ ತಲೆ ಇರುತ್ತದೆ.

ಸ್ಕ್ರೂಗಳ ವಿಷಯದಲ್ಲಿ ಒಂದು ಎಚ್ಚರಿಕೆ. ಕಾರ್ಬ್ಯುರೇಟರ್, ಡಿಸ್ಟ್ರಿಬ್ಯೂಟರ್, ಥ್ರಾಟಲ್ ಬಾಡಿಗಳ ಮೇಲಿನ ಪ್ಲಸ್ ಆಕಾರದ ಸ್ಕ್ರೂಗಳು ನೋಡಲು ಫಿಲಿಪ್ಸ್‌ನಂತೆ ಕಂಡರೂ ಅವು ಜಪಾನಿನ ಜೆಐಎಸ್ ಮಾನದಂಡದವು. ಹಲವು ಸ್ಕ್ರೂಗಳ ತಲೆಯ ಮೇಲೆ ಸಣ್ಣದೊಂದು ಚುಕ್ಕೆ ಇರುತ್ತದೆ. ಫಿಲಿಪ್ಸ್ ಸ್ಕ್ರೂಡ್ರೈವರ್ ಅದರಲ್ಲಿ ಪೂರ್ತಿ ಕೂರುವುದಿಲ್ಲ. ಬಲ ಹಾಕಿದ ಕೂಡಲೇ ಜಾರಿ, ತಲೆಯನ್ನು ಸವೆಸಿಬಿಡುತ್ತದೆ. ಮೂವತ್ತು ವರ್ಷ ಅಲುಗಾಡದ ಸ್ಕ್ರೂಗೆ ಸಿಗುವುದು ಒಂದೇ ಅವಕಾಶ. ಜೆಐಎಸ್ ಸ್ಕ್ರೂಡ್ರೈವರ್ ಒಂದನ್ನು ಕೊಂಡಿಟ್ಟುಕೊಳ್ಳಿ.

ಇವೆಲ್ಲಕ್ಕಿಂತ ಮುಖ್ಯವಾದದ್ದು ನಿಮ್ಮ ಮಾದರಿಯ, ನಿಮ್ಮ ಎಂಜಿನ್ ಸಂಕೇತದ ಕಂಪನಿ ಸರ್ವಿಸ್ ಮ್ಯಾನ್ಯುಯಲ್. ಇಲ್ಲಿ ನಾನು ಕೊಡುವ ಅಂಕಿಗಳು ಅಂದಾಜು ತಿಳಿಯಲು ಸಾಕು. ಕೊನೆಯ ಮಾತು ಮ್ಯಾನ್ಯುಯಲ್‌ನದು.

ಸುರಕ್ಷತೆಯಲ್ಲಿ ರಾಜಿ ಬೇಡ. ಜ್ಯಾಕ್ ಒಂದನ್ನೇ ನಂಬಿ ಕಾರಿನ ಕೆಳಗೆ ಹೋಗಬೇಡಿ, ಸ್ಟ್ಯಾಂಡ್ ಇಡಿ. ಬಿಸಿ ಎಂಜಿನ್ನಿನ ರೇಡಿಯೇಟರ್ ಮುಚ್ಚಳ ತೆಗೆಯಬೇಡಿ. ಪೆಟ್ರೋಲ್ ಪೈಪ್ ಬಿಚ್ಚುವಾಗ ಅದರಲ್ಲಿ ಒತ್ತಡ ಉಳಿದಿರುತ್ತದೆ ಎಂಬುದು ನೆನಪಿರಲಿ. ಹತ್ತಿರದಲ್ಲಿ ಬೆಂಕಿ, ಬೀಡಿ, ಉರಿಯುವ ಬಲ್ಬು ಯಾವುದೂ ಇರಬಾರದು.

ಮೊದಲ ಪ್ರಶ್ನೆ: ಯಾವಾಗ?

ಬಾನೆಟ್ ಎತ್ತುವ ಮೊದಲು ತೊಂದರೆ ಯಾವಾಗ ಬರುತ್ತದೆ ಎಂಬುದನ್ನು ಬರೆದುಕೊಳ್ಳಿ. ಬೆಳಿಗ್ಗೆ ತಣ್ಣಗಿರುವಾಗ ಮಾತ್ರವೇ, ಬಿಸಿಲಲ್ಲಿ ನಿಂತ ಮೇಲೆಯೇ, ಮಳೆಯಲ್ಲೇ, ಏರು ಹತ್ತುವಾಗಲೇ? ಬಿಸಿಯಾದಾಗ ಮಾತ್ರ ನಿಂತುಹೋಗಿ, ಆರಿದ ಮೇಲೆ ಏನೂ ಆಗಿಲ್ಲವೆಂಬಂತೆ ಓಡುವ ಎಂಜಿನ್ನಿನಲ್ಲಿ ದೋಷ ಬಹುತೇಕ ಎಲೆಕ್ಟ್ರಿಕಲ್: ರಿಲೇ, ಇಗ್ನೈಟರ್ (ಕಾಯಿಲ್ಲಿನ ಕರೆಂಟನ್ನು ಹಾಕಿ ತೆಗೆಯುವ ಎಲೆಕ್ಟ್ರಾನಿಕ್ ಸ್ವಿಚ್), ಕಾಯಿಲ್ ಅಥವಾ ಡಿಸ್ಟ್ರಿಬ್ಯೂಟರಿನೊಳಗಿನ ಪಿಕಪ್ ಸುರುಳಿ (ಎಂಜಿನ್ ತಿರುಗುವುದನ್ನು ಗುರುತಿಸುವ ಸೆನ್ಸರ್). ತೇವದಲ್ಲಿ ಮಾತ್ರ ಕೆಮ್ಮಿದರೆ ಪ್ಲಗ್ ವೈರು, ಡಿಸ್ಟ್ರಿಬ್ಯೂಟರ್ ಕ್ಯಾಪ್. ಭಾರ ಬಿದ್ದಾಗ ಮಾತ್ರ ಉಸಿರುಗಟ್ಟಿದರೆ ಪೆಟ್ರೋಲ್ ಸರಬರಾಜು, ಪ್ಲಗ್, ಇಲ್ಲವೇ ಕಟ್ಟಿಕೊಂಡ ಸೈಲೆನ್ಸರ್.

ಇನ್ನೊಂದು ಪ್ರಶ್ನೆ: ಇತ್ತೀಚೆಗೆ ಯಾರಾದರೂ ಏನಾದರೂ ಕೆಲಸ ಮಾಡಿದ್ದಾರೆಯೇ? ಸರ್ವಿಸ್ ಆದ ಮರುದಿನ ಶುರುವಾದ ತೊಂದರೆಯ ಬೇರು ಆ ಕೈಗಳು ಆಡಿದ ಜಾಗದಲ್ಲೇ ಇರುತ್ತದೆ. ಏರ್ ಫಿಲ್ಟರ್ ಬದಲಿಸುವಾಗ ಕಳಚಿದ ಸಣ್ಣ ರಬ್ಬರ್ ಪೈಪನ್ನು ಮರಳಿ ಸೇರಿಸಿಲ್ಲದಿರುವುದು ತೀರ ಸಾಮಾನ್ಯ.

ಬ್ಯಾಟರಿ ಮತ್ತು ಅರ್ತ್

ಎಲ್ಲ ಪರೀಕ್ಷೆಗಳೂ ಇಲ್ಲಿಂದಲೇ ಆರಂಭವಾಗಬೇಕು. ಕೆಲವು ಗಂಟೆ ನಿಂತಿರುವ ಕಾರಿನ ಬ್ಯಾಟರಿ 12.6 ವೋಲ್ಟ್ ಆಸುಪಾಸು ತೋರಿಸಬೇಕು. ಸ್ಟಾರ್ಟರ್ ತಿರುಗುವಾಗ 9.6ಕ್ಕಿಂತ ಕೆಳಗೆ ಇಳಿಯಬಾರದು. ಎಂಜಿನ್ ಓಡುವಾಗ 13.8ರಿಂದ 14.5 ಇದ್ದರೆ ಆಲ್ಟರ್ನೇಟರ್ ಸರಿಯಿದೆ.

ಅರ್ತ್ ಪರೀಕ್ಷೆಯನ್ನು ಹೆಚ್ಚಿನವರು ಮಾಡುವುದೇ ಇಲ್ಲ. ಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ನೆಗೆಟಿವ್ ಕಂಬಕ್ಕೆ, ಇನ್ನೊಂದನ್ನು ಎಂಜಿನ್ನಿನ ಬರಿ ಲೋಹಕ್ಕೆ ಒತ್ತಿ ಹಿಡಿದು, ಇನ್ನೊಬ್ಬರಿಗೆ ಸ್ಟಾರ್ಟರ್ ತಿರುಗಿಸಲು ಹೇಳಿ. ಅರ್ಧ ವೋಲ್ಟಿಗಿಂತ ಹೆಚ್ಚು ಕಂಡರೆ ಅರ್ತ್ ತಂತಿ ಒಳಗೆ ಕೊಳೆತಿದೆ ಅಥವಾ ಅದರ ಬೋಲ್ಟಿನ ಕೆಳಗೆ ತುಕ್ಕು ಹಿಡಿದಿದೆ. ಹೊರಗಿನ ಪ್ಲಾಸ್ಟಿಕ್ ಹೊದಿಕೆ ಹೊಸದರಂತೆ ಕಾಣುತ್ತಿದ್ದರೂ ಒಳಗಿನ ತಾಮ್ರ ಹಸಿರು ಪುಡಿಯಾಗಿರಬಹುದು. ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಮತ್ತು ಸೆನ್ಸರುಗಳ ಅರ್ತ್ ಕೂಡ ಇಂಟೇಕ್ ಮ್ಯಾನಿಫೋಲ್ಡ್ ಇಲ್ಲವೇ ಥರ್ಮೋಸ್ಟಾಟ್ ಹೌಸಿಂಗಿಗೆ ಬಿಗಿದ ಒಂದು ಬೋಲ್ಟಿನ ಮೇಲೆ ನಿಂತಿರುತ್ತದೆ. ಅದನ್ನು ಬಿಚ್ಚಿ, ಉಜ್ಜಿ, ಮತ್ತೆ ಬಿಗಿಯಿರಿ. ಕಾರಣ ತಿಳಿಯದೆ ಒಂದೇ ಸಲ ನಾಲ್ಕಾರು ದೋಷ ತೋರಿಸುತ್ತಿದ್ದ ಕಾರು ಇಷ್ಟರಿಂದಲೇ ಸರಿಹೋಗುವುದುಂಟು.

ಸ್ಟಾರ್ಟರ್ ತಿರುಗುತ್ತದೆ, ಎಂಜಿನ್ ಹಿಡಿಯುತ್ತಿಲ್ಲ

ಎಂಜಿನ್ನಿಗೆ ಬೇಕಾದದ್ದು ಕಿಡಿ, ಪೆಟ್ರೋಲ್, ಒತ್ತಡ. ಇವುಗಳಲ್ಲಿ ಯಾವುದು ಇಲ್ಲ ಎಂದು ಹುಡುಕಿ.

ಕಿಡಿ ನೋಡಲು ಸ್ಪಾರ್ಕ್ ಟೆಸ್ಟರ್ ಬಳಸಿ, ಅಥವಾ ಬೇರೊಂದು ಪ್ಲಗ್ಗನ್ನು ವೈರಿಗೆ ಸೇರಿಸಿ ಅದರ ಲೋಹವನ್ನು ಎಂಜಿನ್ನಿಗೆ ಭದ್ರವಾಗಿ ಕ್ಲಿಪ್ ಮಾಡಿ. ಸ್ಟಾರ್ಟರ್ ತಿರುಗಿಸಿದಾಗ ನೀಲಿ ಬಣ್ಣದ, ಚಟಚಟ ಸದ್ದಿನ ಕಿಡಿ ಬರಬೇಕು. ಕೈಯಲ್ಲಿ ಹಿಡಿಯಬೇಡಿ, ವೈರನ್ನು ಗಾಳಿಯಲ್ಲಿ ತೇಲಿಬಿಟ್ಟು ಸ್ಟಾರ್ಟ್ ಮಾಡಲೂಬೇಡಿ. ಕಿಡಿಗೆ ದಾರಿ ಸಿಗದಿದ್ದರೆ ಇಗ್ನೈಟರ್ ಸುಟ್ಟುಹೋಗಬಹುದು. ಟ್ಯಾಕೋಮೀಟರ್ ಮುಳ್ಳಿನ ಮೇಲೂ ಕಣ್ಣಿಡಿ. ಸ್ಟಾರ್ಟರ್ ತಿರುಗುವಾಗ ಅದು ಒಂದಿಷ್ಟೂ ಅಲುಗದೆ ಸೊನ್ನೆಯಲ್ಲೇ ಮಲಗಿದ್ದರೆ ಹಲವು ಕಾರುಗಳಲ್ಲಿ ಅದು ಇಗ್ನೈಟರ್ ಅಥವಾ ಪಿಕಪ್ ಸುರುಳಿಯ ಕಡೆಗೆ ಬೆರಳು ತೋರಿಸುತ್ತದೆ.

ಪೆಟ್ರೋಲಿಗೆ ಮೊದಲ ಪರೀಕ್ಷೆ ಕಿವಿ. ಹೋಂಡಾದಲ್ಲಿ ಕೀ ಆನ್ ಮಾಡಿದ ಕೂಡಲೇ ಹಿಂದಿನ ಸೀಟಿನ ಕಡೆಯಿಂದ ಎರಡು ಸೆಕೆಂಡು ಪಂಪಿನ ‘ಜುಂಯ್’ ಎಂಬ ಸದ್ದು ಬರಬೇಕು. ಎಲ್ಲ ಟೊಯೋಟಾಗಳಲ್ಲಿ ಹೀಗೆ ಬರುವುದಿಲ್ಲ. ಹಲವು ಮಾದರಿಗಳಲ್ಲಿ ಸ್ಟಾರ್ಟರ್ ತಿರುಗಿದಾಗ ಮಾತ್ರ ಪಂಪ್ ಓಡುತ್ತದೆ. ಅಂಥವುಗಳಲ್ಲಿ ಬಾನೆಟ್ ಕೆಳಗಿನ ಡಯಾಗ್ನೋಸ್ಟಿಕ್ ಕನೆಕ್ಟರಿನ ‘+ಬಿ’ ಮತ್ತು ‘ಎಫ್‌ಪಿ’ ಪಿನ್ನುಗಳನ್ನು ಜೋಡಿಸಿ ಕೀ ಆನ್ ಮಾಡಿದರೆ ಪಂಪ್ ಓಡಬೇಕು. ಕನೆಕ್ಟರಿನ ಮುಚ್ಚಳದ ಒಳಬದಿಯಲ್ಲಿ ಪಿನ್ನುಗಳ ಹೆಸರು ಬರೆದಿರುತ್ತದೆ. ತಪ್ಪು ಪಿನ್ನಿಗೆ ತಂತಿ ಸೇರಿಸಿದರೆ ಇಸಿಯು ಹಾಳಾಗಬಹುದು, ಎರಡು ಸಲ ಓದಿ ಆಮೇಲೆ ಸೇರಿಸಿ.

ಈ ಜಾಗದಲ್ಲಿ ಹೋಂಡಾದ ಮೇನ್ ರಿಲೇ ಬಗ್ಗೆ ವಿವರವಾಗಿ ಹೇಳಲೇಬೇಕು. 80ರ ದಶಕದ ಕೊನೆ ಮತ್ತು 90ರ ದಶಕದ ಸಿವಿಕ್, ಅಕಾರ್ಡ್‌ಗಳ ಪ್ರಸಿದ್ಧ ಕಾಯಿಲೆ ಇದು. ಬಿಸಿಲಿನಲ್ಲಿ ನಿಂತ ಕಾರು ಸ್ಟಾರ್ಟ್ ಆಗುವುದಿಲ್ಲ. ಕಿಟಕಿ ಇಳಿಸಿ ಒಳಗಿನ ಬಿಸಿ ಹೋಗಲು ಬಿಟ್ಟರೆ ಹಿಡಿಯುತ್ತದೆ. ಪರೀಕ್ಷೆ ಹೀಗೆ: ತೊಂದರೆ ಇರುವಾಗಲೇ ಕೀ ಆನ್ ಮಾಡಿ. ಚೆಕ್ ಎಂಜಿನ್ ದೀಪ ಹತ್ತಿ ಎರಡು ಸೆಕೆಂಡಿನಲ್ಲಿ ಆರಿತು, ಪಂಪಿನ ಸದ್ದು ಬರಲಿಲ್ಲ ಎಂದಾದರೆ ಇಸಿಯುಗೆ ಕರೆಂಟ್ ಸಿಗುತ್ತಿದೆ, ಪಂಪಿಗೆ ಸಿಗುತ್ತಿಲ್ಲ. ಆಗ ರಿಲೇ, ಪಂಪ್, ಇವೆರಡರ ನಡುವಿನ ತಂತಿ ಮಾತ್ರ ಉಳಿಯುತ್ತವೆ. ಪಂಪಿನ ಕನೆಕ್ಟರಿನಲ್ಲಿ ಆ ಎರಡು ಸೆಕೆಂಡು 12 ವೋಲ್ಟ್ ಕಾಣದಿದ್ದರೆ ರಿಲೇ ತೆಗೆಯಿರಿ. ಡ್ಯಾಶ್‌ಬೋರ್ಡಿನ ಕೆಳಗೆ ಒಂದು ಬೋಲ್ಟಿನಲ್ಲಿ ಕೂತಿರುತ್ತದೆ.

ಅದರ ಪ್ಲಾಸ್ಟಿಕ್ ಕವಚದ ಅಂಚನ್ನು ಮೆಲ್ಲಗೆ ಎಬ್ಬಿಸಿ ಸರ್ಕ್ಯೂಟ್ ಬೋರ್ಡನ್ನು ಹೊರಗೆಳೆದು, ಬೆಸುಗೆಯ ಬದಿಯನ್ನು ಒಳ್ಳೆಯ ಬೆಳಕಿನಲ್ಲಿ ಭೂತಗನ್ನಡಿ ಹಿಡಿದು ನೋಡಿ. ದಪ್ಪ ಪಿನ್ನುಗಳ ಸುತ್ತ ಕೂದಲೆಳೆಯಷ್ಟು ತೆಳುವಾದ ಕಪ್ಪು ಉಂಗುರ ಕಾಣುತ್ತದೆ. ಅಲ್ಲಿ ಬೆಸುಗೆ ಬಿರಿದಿದೆ. ತಣ್ಣಗಿದ್ದಾಗ ಎರಡೂ ಅಂಚುಗಳು ತಾಗಿಕೊಂಡಿರುತ್ತವೆ, ಬಿಸಿಯಾಗಿ ಹಿಗ್ಗಿದಾಗ ಬಿಟ್ಟುಕೊಳ್ಳುತ್ತವೆ. ಹಳೆಯ ಬೆಸುಗೆಯನ್ನು ಹೀರಿ ತೆಗೆದು ಹೊಸ ಬೆಸುಗೆ ಹಾಕಿ. ಕಾಣುವ ಬಿರುಕಿಗೆ ಮಾತ್ರವಲ್ಲ, ಎಲ್ಲ ಪಿನ್ನುಗಳಿಗೂ ಹಾಕಿ. ಹೊಸ ರಿಲೇ ಇಲ್ಲದೆಯೇ ಈ ಕಾಯಿಲೆ ವಾಸಿಯಾಗುತ್ತದೆ.

ಮಿತ್ಸುಬಿಷಿಯ 90ರ ದಶಕದ ಮೊದಲ ಅರ್ಧದ ಇಸಿಯುಗಳಲ್ಲಿ ಇನ್ನೊಂದು ಬಗೆಯ ಮುಪ್ಪು ಕಾಣುತ್ತದೆ. ಒಳಗಿನ ಎಲೆಕ್ಟ್ರೋಲಿಟಿಕ್ ಕೆಪ್ಯಾಸಿಟರುಗಳು ಸೋರಿ, ಆ ದ್ರವ ಬೋರ್ಡಿನ ತಾಮ್ರದ ಗೆರೆಗಳನ್ನು ತಿನ್ನುತ್ತದೆ. ಇಸಿಯು ಮುಚ್ಚಳ ತೆಗೆದಾಗ ಮೀನಿನ ವಾಸನೆ ಬಂದರೆ ಅದೇ. ಬೇಗ ಗಮನಿಸಿದರೆ ಕೆಪ್ಯಾಸಿಟರ್ ಬದಲಿಸಿ ಬೋರ್ಡನ್ನು ಉಳಿಸಿಕೊಳ್ಳಬಹುದು.

ಕಾರೇ ಹೇಳುವ ಸಂಕೇತ

1996ರ ಮಾದರಿಯಿಂದ ಅಮೆರಿಕದಲ್ಲಿ ಮಾರುವ ಕಾರುಗಳಿಗೆ ಓಬಿಡಿ-2 (ಸ್ಕ್ಯಾನರ್ ಸೇರಿಸಿ ದೋಷ ಓದುವ ಏಕರೂಪದ ವ್ಯವಸ್ಥೆ) ಕಡ್ಡಾಯವಾಯಿತು. ಅದಕ್ಕಿಂತ ಹಳೆಯವು ಹಾಗೂ ಬೇರೆ ದೇಶಗಳಿಗಾಗಿ ಆನಂತರವೂ ತಯಾರಾದ ಅನೇಕ ಕಾರುಗಳು ಸ್ಕ್ಯಾನರಿಗೆ ಉತ್ತರ ಕೊಡುವುದಿಲ್ಲ. ಆದರೆ ಅವು ಮೂಕವೇನಲ್ಲ, ದೀಪ ಮಿನುಗಿಸಿ ಹೇಳುತ್ತವೆ.

ಟೊಯೋಟಾದಲ್ಲಿ ಕೀ ಆಫ್ ಇರುವಾಗ ಡಯಾಗ್ನೋಸ್ಟಿಕ್ ಕನೆಕ್ಟರಿನ ‘ಟಿಇ1’ ಮತ್ತು ‘ಇ1’ ಪಿನ್ನುಗಳನ್ನು ಸಣ್ಣ ತಂತಿಯಿಂದ ಜೋಡಿಸಿ. 80ರ ದಶಕದ ಕೆಲವು ಮಾದರಿಗಳಲ್ಲಿ ಮೊದಲನೆಯದಕ್ಕೆ ಬರೀ ‘ಟಿ’ ಎಂದಿರುತ್ತದೆ. ಎ.ಸಿ. ಮತ್ತು ಲೈಟುಗಳು ಆಫ್, ಗೇರ್ ನ್ಯೂಟ್ರಲ್, ಕಾಲು ಆಕ್ಸಿಲರೇಟರ್ ಮೇಲೆ ಇರಬಾರದು. ಈಗ ಎಂಜಿನ್ ಸ್ಟಾರ್ಟ್ ಮಾಡದೆ ಕೀ ಆನ್ ಮಾಡಿ. ಚೆಕ್ ಎಂಜಿನ್ ದೀಪ ಬಿಡುವಿಲ್ಲದೆ ಸಮನಾಗಿ ಬೇಗ ಬೇಗ ಮಿನುಗಿದರೆ ಯಾವ ದೋಷವೂ ದಾಖಲಾಗಿಲ್ಲ. ದೋಷವಿದ್ದರೆ ಅಂಕಿಗಳಾಗಿ ಮಿನುಗುತ್ತದೆ: ಎರಡು ಮಿನುಗು, ಒಂದೂವರೆ ಸೆಕೆಂಡು ಬಿಡುವು, ಮತ್ತೆ ಎರಡು ಮಿನುಗು ಎಂದರೆ 22. ಆಗಾಗ ಸಿಗುವವು: 12 ಎಂಜಿನ್ ತಿರುಗುವ ಸಂಕೇತ ಬರುತ್ತಿಲ್ಲ, 14 ಇಗ್ನೈಟರ್, 21 ಆಕ್ಸಿಜನ್ ಸೆನ್ಸರ್, 22 ಕೂಲೆಂಟ್ (ಎಂಜಿನ್ ತಂಪಾಗಿಸುವ ದ್ರವ) ತಾಪಮಾನ ಸೆನ್ಸರ್, 31 ಗಾಳಿಯ ಅಳತೆ, 41 ಥ್ರಾಟಲ್ ಸೆನ್ಸರ್.

ಹೋಂಡಾದಲ್ಲಿ ಪಕ್ಕದ ಸೀಟಿನ ಮುಂದೆ, ಡ್ಯಾಶ್‌ಬೋರ್ಡಿನ ಕೆಳಗೆ ಯಾವುದಕ್ಕೂ ಸೇರದೆ ಇರುವ ಎರಡು ಪಿನ್ನಿನ ಕನೆಕ್ಟರ್ ಇರುತ್ತದೆ. ಅದರ ಎರಡೂ ಪಿನ್ನುಗಳನ್ನು ತಂತಿಯಿಂದ ಜೋಡಿಸಿ ಕೀ ಆನ್ ಮಾಡಿದರೆ ಉದ್ದ ಮಿನುಗು ಒಂದಕ್ಕೆ ಹತ್ತು, ಗಿಡ್ಡ ಮಿನುಗು ಒಂದಕ್ಕೆ ಒಂದು. 3 ಎಂದರೆ ಮ್ಯಾಪ್ ಸೆನ್ಸರ್ (ಇಂಟೇಕ್ ಮ್ಯಾನಿಫೋಲ್ಡಿನ ಒತ್ತಡ ಅಳೆಯುವುದು), 4 ಕ್ರ್ಯಾಂಕ್ ಸೆನ್ಸರ್, 6 ಕೂಲೆಂಟ್ ತಾಪಮಾನ, 7 ಥ್ರಾಟಲ್, 15 ಇಗ್ನಿಷನ್ ಸಂಕೇತ. ನಿಸ್ಸಾನ್‌ನಲ್ಲಿ ಇಸಿಯು ಮೇಲಿನ ಸಣ್ಣ ಸ್ಕ್ರೂ ತಿರುಗಿಸಿ ಓದಬೇಕು. 55 ಬಂದರೆ ಎಲ್ಲವೂ ಸರಿ, 11 ಕ್ರ್ಯಾಂಕ್ ಆಂಗಲ್ ಸೆನ್ಸರ್, 12 ಏರ್‌ಫ್ಲೋ ಮೀಟರ್, 13 ಕೂಲೆಂಟ್ ತಾಪಮಾನ.

ಸಂಕೇತ ಬಂದ ಕೂಡಲೇ ಆ ಸೆನ್ಸರ್ ಕೊಳ್ಳಲು ಹೋಗಬೇಡಿ. ಇಡೀ ಲೇಖನದಲ್ಲಿ ಒಂದೇ ಮಾತು ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ. ‘22’ ಎಂದರೆ ಸೆನ್ಸರ್ ಕೆಟ್ಟಿದೆ ಎಂದಲ್ಲ, ಆ ಸೆನ್ಸರಿನ ತಂತಿಯಲ್ಲಿ ಬರುವ ವೋಲ್ಟೇಜ್ ಮಿತಿಯ ಹೊರಗಿದೆ ಎಂದಷ್ಟೇ. ತಂತಿ ತುಂಡಾಗಿರಬಹುದು, ಇಲಿ ಕಡಿದಿರಬಹುದು, ಕನೆಕ್ಟರಿನ ಪಿನ್ ಹಿಂದಕ್ಕೆ ಸರಿದಿರಬಹುದು. ಸೆನ್ಸರನ್ನು ಅಳೆದು, ತಂತಿಯನ್ನು ಇಸಿಯುವರೆಗೆ ಅಳೆದು, ಆಮೇಲೆ ತೀರ್ಮಾನಕ್ಕೆ ಬನ್ನಿ.

ಮೈಲೇಜ್ ಬಿದ್ದಿದೆ, ಕಪ್ಪು ಹೊಗೆ, ಸಂಕೇತ ಮಾತ್ರ ಇಲ್ಲ

ಸೆನ್ಸರ್ ಪೂರ್ತಿ ಸತ್ತರೆ ದೀಪ ಹತ್ತುತ್ತದೆ. ಆದರೆ ಸುಳ್ಳು ಹೇಳತೊಡಗಿದರೆ, ಆ ಸುಳ್ಳು ಮಿತಿಯೊಳಗೇ ಇರುವಷ್ಟು ಕಾಲ ಇಸಿಯು ಅದನ್ನು ನಂಬುತ್ತದೆ. ಕೂಲೆಂಟ್ ತಾಪಮಾನದ ಸೆನ್ಸರ್ ಇದಕ್ಕೆ ತಕ್ಕ ಉದಾಹರಣೆ. ಈ ಎಂಜಿನ್ನುಗಳಲ್ಲಿ ಸಾಮಾನ್ಯವಾಗಿ ಎರಡು ಬೇರೆ ಸೆನ್ಸರುಗಳಿರುತ್ತವೆ: ಒಂದು ತಂತಿಯದು ಡ್ಯಾಶ್‌ಬೋರ್ಡಿನ ಮುಳ್ಳಿಗೆ, ಎರಡು ತಂತಿಯದು ಇಸಿಯುಗೆ. ಮುಳ್ಳು ಸರಿಯಾಗಿ ನಡುವೆ ನಿಂತಿದೆ ಎಂದ ಮಾತ್ರಕ್ಕೆ ಇಸಿಯುಗೆ ಸರಿಯಾದ ಬಿಸಿ ಗೊತ್ತಿದೆ ಎಂದಲ್ಲ.

ಎರಡು ತಂತಿಯ ಸೆನ್ಸರಿನ ಕನೆಕ್ಟರ್ ತೆಗೆದು ಓಮ್ ಅಳೆಯಿರಿ. ಬೆಳಿಗ್ಗೆ ತಣ್ಣಗೆ, ಸುಮಾರು 20 ಡಿಗ್ರಿ ಸೆಲ್ಸಿಯಸ್‌ನಲ್ಲಿ 2ರಿಂದ 3 ಕಿಲೋಓಮ್ ಇರಬೇಕು. ಎಂಜಿನ್ ಪೂರ್ತಿ ಬಿಸಿಯಾದ ಮೇಲೆ, 80 ಡಿಗ್ರಿಯಲ್ಲಿ 0.2ರಿಂದ 0.4 ಕಿಲೋಓಮ್. ಬಿಸಿಯಲ್ಲೂ 1.5 ಕಿಲೋಓಮ್ ತೋರಿಸಿದರೆ ಇಸಿಯು ಪಾಲಿಗೆ ಎಂಜಿನ್ ಇನ್ನೂ ತಣ್ಣಗಿದೆ. ಅದು ಹೆಚ್ಚುವರಿ ಪೆಟ್ರೋಲ್ ಸುರಿಯುತ್ತಲೇ ಇರುತ್ತದೆ. ಪ್ಲಗ್ಗುಗಳು ಕಪ್ಪಗಾಗುತ್ತವೆ, ಬಿಸಿಯಲ್ಲಿ ಮತ್ತೆ ಸ್ಟಾರ್ಟ್ ಮಾಡಲು ಒದ್ದಾಡಬೇಕಾಗುತ್ತದೆ.

ಸೆನ್ಸರ್ ಸರಿಯಿದ್ದರೆ ಫ್ಯೂಯಲ್ ಪ್ರೆಷರ್ ರೆಗ್ಯುಲೇಟರ್ ನೋಡಿ. ಅದಕ್ಕೆ ಬರುವ ಸಣ್ಣ ವ್ಯಾಕ್ಯೂಮ್ ಪೈಪನ್ನು ಎಂಜಿನ್ ಓಡುವಾಗ ಕಳಚಿ ಮೂಸಿ. ಒಳಗೆ ಪೆಟ್ರೋಲ್ ಹಸಿಯಿದ್ದರೆ ಡಯಾಫ್ರಾಮ್ ಹರಿದಿದೆ, ರೆಗ್ಯುಲೇಟರ್ ಬದಲಿಸಲೇಬೇಕು. ಟೊಯೋಟಾದ 4ಎ-ಎಫ್‌ಇ ಎಂಜಿನ್ನಿನಲ್ಲಿ ಆ ಪೈಪ್ ಕಳಚಿದಾಗ ಪ್ರತಿ ಚದರ ಸೆಂಟಿಮೀಟರಿಗೆ 2.7ರಿಂದ 3.1 ಕೆ.ಜಿ. ಒತ್ತಡ ಇರಬೇಕು. ಸೇರಿಸಿದಾಗ ಅದು ಇಳಿಯಬೇಕು. ಒತ್ತಡ ಕಡಿಮೆಯಿದ್ದು ಏರಿನಲ್ಲಿ ಪಿಕಪ್ ಇಲ್ಲದಿದ್ದರೆ ಪಂಪಿಗೆ ಮೊದಲು ಫಿಲ್ಟರ್ ಬದಲಿಸಿ.

ಐಡ್ಲಿಂಗ್ ಏರಿಳಿತ

ನಿಂತಲ್ಲೇ ಎಂಜಿನ್ ವೇಗ ಏರುವುದು, ಇಳಿಯುವುದು, ಮತ್ತೆ ಏರುವುದು. ಹೋಂಡಾದಲ್ಲಿ ಇದು ಕಂಡರೆ ಮೊದಲು ರೇಡಿಯೇಟರ್ ನೀರು ನೋಡಿ. ಥ್ರಾಟಲ್ ಬಾಡಿಯ ಹತ್ತಿರದ ಫಾಸ್ಟ್ ಐಡಲ್ ವಾಲ್ವ್ ಕೂಲೆಂಟಿನ ಬಿಸಿಯಿಂದ ಮುಚ್ಚಿಕೊಳ್ಳುತ್ತದೆ. ಕೂಲೆಂಟ್ ಕಡಿಮೆಯಾಗಿ ಗಾಳಿ ಸಿಕ್ಕಿಕೊಂಡರೆ ಅದು ತೆರೆದೇ ಉಳಿಯುತ್ತದೆ, ಇಸಿಯು ವೇಗ ಇಳಿಸಲು ಪೆಟ್ರೋಲ್ ನಿಲ್ಲಿಸುತ್ತದೆ, ಬಿದ್ದಾಗ ಮತ್ತೆ ಕೊಡುತ್ತದೆ. ಥರ್ಮೋಸ್ಟಾಟ್ ಹೌಸಿಂಗಿನ ಬಳಿಯ ಬ್ಲೀಡ್ ಬೋಲ್ಟ್ ಸಡಿಲಿಸಿ, ಗುಳ್ಳೆಯಿಲ್ಲದೆ ಕೂಲೆಂಟ್ ಬರುವವರೆಗೆ ತುಂಬಿಸಿ ಬಿಗಿಯಿರಿ. ಆಮೇಲೂ ಏರಿಳಿತ ನಿಲ್ಲದಿದ್ದರೆ ಐಡಲ್ ಕಂಟ್ರೋಲ್ ವಾಲ್ವ್ ತೆಗೆದು, ಥ್ರಾಟಲ್ ಕ್ಲೀನರಿನಿಂದ ಮಸಿ ತೊಳೆಯಿರಿ.

ಉಳಿದ ಕಾರುಗಳಲ್ಲಿ ಗಾಳಿ ಸೋರಿಕೆಯೇ ಮೊದಲ ಗುಮಾನಿ. ರಬ್ಬರ್ ಪೈಪುಗಳ ಮೇಲ್ಮೈ ಚೆನ್ನಾಗಿ ಕಂಡರೂ ಅವು ಕೂರುವ ಬಾಯಿಯ ಬಳಿ, ಬಗ್ಗಿದಲ್ಲಿ ಬಿರಿದಿರುತ್ತವೆ. ಬೆರಳಿನಿಂದ ಬಗ್ಗಿಸಿ ನೋಡಿ. ಏರ್‌ಫ್ಲೋ ಮೀಟರ್ ಮತ್ತು ಥ್ರಾಟಲ್ ನಡುವಿನ ಮಡಿಕೆ ಮಡಿಕೆಯ ದಪ್ಪ ಪೈಪನ್ನು ಕೆಳಗಿನಿಂದಲೂ ನೋಡಬೇಕು, ಬಿರುಕು ಅಡಗಿರುವುದು ಅಲ್ಲೇ. ಬ್ರೇಕ್ ಬೂಸ್ಟರಿನ ಪೈಪು ಮತ್ತು ಪಿಸಿವಿ (ಎಂಜಿನ್ನಿನೊಳಗಿನ ಹೊಗೆಯನ್ನು ಇಂಟೇಕಿಗೆ ಒಯ್ಯುವ) ಪೈಪುಗಳನ್ನು ಒಂದೊಂದಾಗಿ ಹಿಸುಕಿ ಹಿಡಿಯಿರಿ. ಯಾವುದನ್ನು ಹಿಸುಕಿದಾಗ ಐಡ್ಲಿಂಗ್ ಸರಿಹೋಗುತ್ತದೋ ಆ ದಾರಿಯಲ್ಲಿ ಸೋರಿಕೆಯಿದೆ. ಮ್ಯಾನಿಫೋಲ್ಡ್ ಗ್ಯಾಸ್ಕೆಟಿನ ಅಂಚಿಗೆ ಸ್ಪ್ರೇ ಬಾಟಲಿಯಿಂದ ನೀರಿನ ತುಂತುರು ಹಾಕಿದಾಗ ಸದ್ದು ಬದಲಾದರೆ ಅಲ್ಲೂ ಸೋರಿಕೆ. ಕಾರ್ಬ್ಯುರೇಟರ್ ಕ್ಲೀನರ್ ಸಿಂಪಡಿಸಿ ಹುಡುಕುವ ರೂಢಿಯಿದೆ. ಬಿಸಿ ಸೈಲೆನ್ಸರ್ ಮ್ಯಾನಿಫೋಲ್ಡಿನ ಪಕ್ಕದಲ್ಲಿ ಅದನ್ನು ನಾನು ಒಪ್ಪುವುದಿಲ್ಲ.

ವ್ಯಾಕ್ಯೂಮ್ ಗೇಜ್ ಒಂದೇ ನೋಟದಲ್ಲಿ ಬಹಳಷ್ಟನ್ನು ಹೇಳುತ್ತದೆ. ಸಮುದ್ರಮಟ್ಟದಲ್ಲಿ ಆರೋಗ್ಯವಂತ ಎಂಜಿನ್ ಐಡ್ಲಿಂಗ್‌ನಲ್ಲಿ ಪಾದರಸದ 430ರಿಂದ 530 ಮಿಲಿಮೀಟರ್ ನಡುವೆ ಅಲುಗದ ಮುಳ್ಳು ತೋರಿಸುತ್ತದೆ. ಎತ್ತರದ ಪ್ರದೇಶಗಳಲ್ಲಿ ಇದು ಕಡಿಮೆ. ಮುಳ್ಳು ಕೆಳಗೆ ಸ್ಥಿರವಾಗಿದ್ದರೆ ಗಾಳಿ ಸೋರಿಕೆ ಅಥವಾ ಹಿಂದೆ ಬಿದ್ದ ಟೈಮಿಂಗ್. ತಾಳಬದ್ಧವಾಗಿ ಕುಸಿದು ಏಳುತ್ತಿದ್ದರೆ ಒಂದು ವಾಲ್ವ್ ಸರಿಯಾಗಿ ಮುಚ್ಚುತ್ತಿಲ್ಲ. ನಿಮಿಷಕ್ಕೆ 2500 ಸುತ್ತಿನಲ್ಲಿ ಹಿಡಿದಾಗ ನಿಧಾನವಾಗಿ ಇಳಿಯುತ್ತಲೇ ಹೋದರೆ ಹೊಗೆ ಶುದ್ಧಿಸುವ ಕ್ಯಾಟಲಿಟಿಕ್ ಕನ್ವರ್ಟರ್ ಕಟ್ಟಿಕೊಂಡಿದೆ.

ಕಾರ್ಬ್ಯುರೇಟರ್ ಇರುವ ಕಾರಿನಲ್ಲಿ ಐಡ್ಲಿಂಗ್ ನಿಲ್ಲದಿದ್ದರೆ ಐಡಲ್ ಕಟ್ ಸೊಲೆನಾಯ್ಡ್ ಪರೀಕ್ಷಿಸಿ. ಕೀ ಆನ್ ಮಾಡಿದಾಗ ‘ಟಕ್’ ಎನ್ನಬೇಕು. ಅದು ಸರಿಯಿದ್ದರೆ ಐಡಲ್ ಜೆಟ್ ಕಟ್ಟಿರಬಹುದು. ಆಕ್ಸಿಲರೇಟರ್ ತುಳಿದ ಕ್ಷಣ ತಡವರಿಸಿದರೆ ಎಂಜಿನ್ ನಿಲ್ಲಿಸಿ, ಕಾರ್ಬ್ಯುರೇಟರ್ ಬಾಯೊಳಗೆ ನೋಡುತ್ತ ಥ್ರಾಟಲ್ ಎಳೆಯಿರಿ. ಪೆಟ್ರೋಲಿನ ನೇರ ಚಿಲುಮೆ ಕಾಣದಿದ್ದರೆ ಕಾರ್ಬ್ಯುರೇಟರಿನ ಆಕ್ಸಿಲರೇಟರ್ ಪಂಪಿನ ಡಯಾಫ್ರಾಮ್ ಹೋಗಿದೆ.

ಮಿಸ್ಸಿಂಗ್

ಪ್ಲಗ್ಗುಗಳನ್ನು ತೆಗೆದು ಸಿಲಿಂಡರಿನ ಕ್ರಮದಲ್ಲೇ ಸಾಲಾಗಿ ಇಡಿ. ತಿಳಿಕಂದು ಬಣ್ಣ ಸರಿ. ಒಣ ಮಸಿಯಾದರೆ ಪೆಟ್ರೋಲ್ ಹೆಚ್ಚು, ಜಿಡ್ಡು ಕಪ್ಪಾದರೆ ಆಯಿಲ್, ಸುಣ್ಣದಂತೆ ಬೆಳ್ಳಗಾಗಿ ತುದಿ ಕರಗಿದ್ದರೆ ವಿಪರೀತ ಬಿಸಿ. ಉಳಿದ ಮೂರು ಕಂದಾಗಿದ್ದು ಒಂದು ಮಾತ್ರ ತೊಳೆದಷ್ಟು ಸ್ವಚ್ಛವಾಗಿದ್ದರೆ ಆ ಸಿಲಿಂಡರಿಗೆ ಕೂಲೆಂಟ್ ನುಗ್ಗುತ್ತಿರಬಹುದು.

ಪ್ಲಗ್ ಕೂರುವ ಬಾವಿಯೊಳಗೆ ಟಾರ್ಚ್ ಹಾಕಿ ನೋಡಿ. 4ಎ-ಎಫ್‌ಇಯಂತಹ ಎಂಜಿನ್ನುಗಳಲ್ಲಿ ವಾಲ್ವ್ ಕವರಿನ ರಬ್ಬರ್ ಸೀಲುಗಳು ಗಟ್ಟಿಯಾಗಿ ಬಾವಿಯಲ್ಲಿ ಆಯಿಲ್ ನಿಲ್ಲುತ್ತದೆ, ಪ್ಲಗ್ ವೈರಿನ ರಬ್ಬರ್ ಕೊಳೆಯುತ್ತದೆ, ಕಿಡಿ ಪಕ್ಕಕ್ಕೆ ಹಾರುತ್ತದೆ. ಸೀಲು ಬದಲಿಸದೆ ಪ್ಲಗ್ ಮಾತ್ರ ಬದಲಿಸಿದರೆ ಕೆಲವೇ ತಿಂಗಳಲ್ಲಿ ಮತ್ತೆ ಅದೇ ಕಥೆ. ವೈರುಗಳನ್ನು ಅಳೆಯಿರಿ, ಟೊಯೋಟಾದ ಮಿತಿ ಒಂದು ವೈರಿಗೆ 25 ಕಿಲೋಓಮ್. ಕತ್ತಲಲ್ಲಿ ಎಂಜಿನ್ ಓಡಿಸಿ ವೈರು ಮತ್ತು ಕ್ಯಾಪಿನ ಮೇಲೆ ನೀರಿನ ಮಂಜು ಸಿಂಪಡಿಸಿ ದೂರ ನಿಂತು ನೋಡಿ. ಸೋರುವ ಕಿಡಿ ನೀಲಿ ಗೆರೆಯಾಗಿ ಕಾಣುತ್ತದೆ. ಹೊಸ ಪ್ಲಗ್ಗನ್ನು ತಣ್ಣಗಿರುವ ಹೆಡ್ಡಿಗೆ ಕೈಯಲ್ಲೇ ತಿರುಗಿಸಿ ಕೂರಿಸಿ, ಕೊನೆಗೆ ಟಾರ್ಕ್ ರೆಂಚಿನಿಂದ ಬಿಗಿಯಿರಿ. 4ಎ-ಎಫ್‌ಇಗೆ 18 ನ್ಯೂಟನ್ ಮೀಟರ್ ಸಾಕು.

ಯಾವ ಸಿಲಿಂಡರ್ ಕೆಲಸ ಮಾಡುತ್ತಿಲ್ಲ ಎಂದು ತಿಳಿಯಲು ಓಡುವ ಎಂಜಿನ್ನಿನ ಇಂಜೆಕ್ಟರ್ ಕನೆಕ್ಟರುಗಳನ್ನು ಒಂದೊಂದಾಗಿ ಕಳಚಿ ಸೇರಿಸಿ. ಯಾವುದನ್ನು ಕಳಚಿದರೂ ಓಟ ಬದಲಾಗುವುದಿಲ್ಲವೋ ಅದೇ ಸತ್ತ ಸಿಲಿಂಡರ್. ಪ್ಲಗ್ ವೈರ್ ಎಳೆದು ನೋಡುವುದಕ್ಕಿಂತ ಇದು ನಿಮಗೂ ಇಗ್ನೈಟರಿಗೂ ಕ್ಷೇಮ.

ಟೈಮಿಂಗ್ ಲೈಟ್ ಹಿಡಿಯುವಾಗ ಟೊಯೋಟಾದಲ್ಲಿ ‘ಟಿಇ1’–‘ಇ1’ ಜೋಡಿಸಿರಲೇಬೇಕು. ಇಲ್ಲದಿದ್ದರೆ ಇಸಿಯು ತಾನೇ ಟೈಮಿಂಗ್ ಬದಲಿಸುತ್ತಿರುತ್ತದೆ, ನೀವು ಓದುವ ಅಂಕಿಗೆ ಅರ್ಥವಿರುವುದಿಲ್ಲ. ಡಿಸ್ಟ್ರಿಬ್ಯೂಟರ್ ಇರುವ 4ಎ-ಎಫ್‌ಇಗೆ ಆಗ 10 ಡಿಗ್ರಿ ಬರಬೇಕು.

ಬಿಸಿಯೇರುವ ಎಂಜಿನ್

ಫ್ಯಾನ್ ತಿರುಗದಿದ್ದರೆ ರೇಡಿಯೇಟರ್ ಅಥವಾ ಥರ್ಮೋಸ್ಟಾಟ್ ಬಳಿಯ ಫ್ಯಾನ್ ಸ್ವಿಚ್ಚಿನ ಕನೆಕ್ಟರ್ ಕಳಚಿ. ಆ ಕಾಲದ ಹಲವು ಟೊಯೋಟಾಗಳಲ್ಲಿ ಕಳಚಿ ಕೀ ಆನ್ ಮಾಡಿದ ಕೂಡಲೇ ಫ್ಯಾನ್ ತಿರುಗಬೇಕು. ಹೋಂಡಾದಲ್ಲಿ ಕಳಚಿದ ಕನೆಕ್ಟರಿನ ಎರಡೂ ಪಿನ್ನುಗಳನ್ನು ಜೋಡಿಸಿದಾಗ ತಿರುಗಬೇಕು. ತಿರುಗಿದರೆ ಫ್ಯಾನ್, ರಿಲೇ ಸರಿ, ಸ್ವಿಚ್ ಕೆಟ್ಟಿದೆ ಇಲ್ಲವೇ ಕೂಲೆಂಟ್ ಸ್ವಿಚ್ಚಿನವರೆಗೆ ಮುಟ್ಟುತ್ತಿಲ್ಲ.

ತಣ್ಣನೆಯ ಎಂಜಿನ್ ಸ್ಟಾರ್ಟ್ ಮಾಡಿದ ಒಂದೆರಡು ನಿಮಿಷದಲ್ಲೇ ಮೇಲಿನ ರೇಡಿಯೇಟರ್ ಪೈಪ್ ಕಲ್ಲಿನಷ್ಟು ಗಟ್ಟಿಯಾದರೆ ಹೆಡ್ ಗ್ಯಾಸ್ಕೆಟ್ ಮೂಲಕ ಸಿಲಿಂಡರಿನ ಅನಿಲ ಕೂಲೆಂಟಿಗೆ ಸೇರುತ್ತಿದೆ ಎಂದು ಬಲವಾಗಿ ಅನುಮಾನಿಸಿ. ಖಚಿತಪಡಿಸಲು ಬ್ಲಾಕ್ ಟೆಸ್ಟರ್ (ರೇಡಿಯೇಟರ್ ಬಾಯಿಯ ಗಾಳಿಯನ್ನು ದ್ರವದ ಮೂಲಕ ಹಾಯಿಸುವ ಸಾಧನ) ಬಳಸಿ, ಅನಿಲವಿದ್ದರೆ ಅದರ ನೀಲಿ ದ್ರವ ಹಳದಿಯಾಗುತ್ತದೆ. ಆಯಿಲ್ ಮುಚ್ಚಳದ ಕೆಳಗೆ ಬೆಣ್ಣೆಯಂಥ ಬಿಳಿ ಪದರ ಕಂಡ ಮಾತ್ರಕ್ಕೆ ಹೆಡ್ ಬಿಚ್ಚಬೇಡಿ. ಬರೀ ಹತ್ತಿರದ ಓಡಾಟ ಮಾಡುವ ಕಾರಿನಲ್ಲಿ ನೀರಾವಿಯಿಂದಲೂ ಅದು ಕಟ್ಟುತ್ತದೆ. ಡಿಪ್‌ಸ್ಟಿಕ್ ಮೇಲಿನ ಆಯಿಲೂ ಹಾಲುಬಣ್ಣವಾಗಿದ್ದರೆ ಮಾತು ಬೇರೆ.

ಹೊಗೆ ಮತ್ತು ಕಂಪ್ರೆಷನ್

ರಾತ್ರಿ ನಿಂತ ಕಾರು ಬೆಳಿಗ್ಗೆ ಒಂದು ಮೋಡ ನೀಲಿ ಹೊಗೆ ಬಿಟ್ಟು ಆಮೇಲೆ ಶುದ್ಧವಾದರೆ ವಾಲ್ವ್ ಸ್ಟೆಮ್ ಸೀಲುಗಳು ಗಟ್ಟಿಯಾಗಿವೆ. ಆಕ್ಸಿಲರೇಟರ್ ತುಳಿದಷ್ಟು ಹೊತ್ತೂ ನೀಲಿಯಾದರೆ ಪಿಸ್ಟನ್ ರಿಂಗ್. ಸೀಲು ಬದಲಿಸಿದರೆ ಮುಗಿಯುವ ಕೆಲಸಕ್ಕೆ ಎಂಜಿನ್ ಇಳಿಸಿ ಬೋರ್ ಮಾಡಿಸಬೇಡಿ.

ಕಂಪ್ರೆಷನ್ ಪರೀಕ್ಷೆಯನ್ನು ಬಿಸಿ ಎಂಜಿನ್ನಿನಲ್ಲಿ ಮಾಡಬೇಕು. ಎಲ್ಲ ಪ್ಲಗ್ಗುಗಳನ್ನೂ ತೆಗೆಯಿರಿ, ಇಂಜೆಕ್ಟರ್ ಮತ್ತು ಇಗ್ನಿಷನ್ ಕನೆಕ್ಟರುಗಳನ್ನು ಕಳಚಿ, ಆಕ್ಸಿಲರೇಟರ್ ಪೂರ್ತಿ ಒತ್ತಿ ಹಿಡಿದು ಸ್ಟಾರ್ಟರ್ ತಿರುಗಿಸಿ. 4ಎ-ಎಫ್‌ಇಯಲ್ಲಿ ಚದರ ಸೆಂಟಿಮೀಟರಿಗೆ 13.5 ಕೆ.ಜಿ. ಉತ್ತಮ, 10 ಕನಿಷ್ಠ, ಸಿಲಿಂಡರುಗಳ ನಡುವಿನ ವ್ಯತ್ಯಾಸ 1 ಕೆ.ಜಿ. ದಾಟಬಾರದು. ಕಡಿಮೆ ಬಂದ ಸಿಲಿಂಡರಿಗೆ ಒಂದು ಚಮಚ ಎಂಜಿನ್ ಆಯಿಲ್ ಹಾಕಿ ಮತ್ತೆ ಅಳೆಯಿರಿ. ಅಂಕಿ ಏರಿದರೆ ರಿಂಗ್, ಏರದಿದ್ದರೆ ವಾಲ್ವ್ ಅಥವಾ ಗ್ಯಾಸ್ಕೆಟ್. ಅಕ್ಕಪಕ್ಕದ ಎರಡು ಸಿಲಿಂಡರುಗಳು ಒಟ್ಟಿಗೆ ಕಡಿಮೆಯಾದರೆ ಅವುಗಳ ನಡುವೆ ಗ್ಯಾಸ್ಕೆಟ್ ಸುಟ್ಟಿದೆ.

ವಾಲ್ವ್ ಎಂದು ಗೊತ್ತಾದರೂ ಹೆಡ್ ಬಿಚ್ಚುವ ಮೊದಲು ವಾಲ್ವ್ ಕ್ಲಿಯರೆನ್ಸ್ (ವಾಲ್ವ್ ಮುಚ್ಚಿದ್ದಾಗ ಅದನ್ನು ಒತ್ತುವ ಭಾಗದಲ್ಲಿ ಉಳಿಯುವ ಸಂದು) ಅಳೆಯಿರಿ. ವಾಲ್ವ್ ‘ಟಿಕ್ ಟಿಕ್’ ಎಂದರೆ ಎಲ್ಲರೂ ಗಾಬರಿಯಾಗುತ್ತಾರೆ. ನನಗೆ ಹೆಚ್ಚು ಚಿಂತೆಯಾಗುವುದು ಸದ್ದೇ ಮಾಡದ ಹಳೆಯ ಎಂಜಿನ್ನಿನ ಬಗ್ಗೆ. ಸವೆದ ಎಕ್ಸಾಸ್ಟ್ ವಾಲ್ವಿನ ಕ್ಲಿಯರೆನ್ಸ್ ಕಡಿಮೆಯಾಗುತ್ತ ಬಂದು, ಅದು ಪೂರ್ತಿ ಮುಚ್ಚದೆ, ಬಿಸಿ ಅನಿಲದಲ್ಲಿ ಸುಡುತ್ತದೆ. 4ಎ-ಎಫ್‌ಇಯಲ್ಲಿ ತಣ್ಣಗಿರುವಾಗ ಇಂಟೇಕ್ 0.15–0.25, ಎಕ್ಸಾಸ್ಟ್ 0.20–0.30 ಎಂಎಂ. ಸುಡುವ ಮೊದಲೇ ಕಂಡರೆ ಶಿಮ್ (ಈ ಸಂದನ್ನು ನಿರ್ಧರಿಸುವ ತೆಳು ಬಿಲ್ಲೆ) ಬದಲಿಸಿದರೆ ಸಾಕು, ಕಂಪ್ರೆಷನ್ ಮರಳಿ ಬರುತ್ತದೆ.

ಟೈಮಿಂಗ್ ಬೆಲ್ಟ್, ಚೈನ್

ಬೆಲ್ಟಿನ ಇತಿಹಾಸ ಗೊತ್ತಿಲ್ಲದ ಕಾರು ಕೊಂಡರೆ ಬೇರೇನೂ ಮಾಡುವ ಮೊದಲು ಬೆಲ್ಟ್ ಬದಲಿಸಿ. 4ಎ-ಎಫ್‌ಇಯಲ್ಲಿ ಬೆಲ್ಟ್ ತುಂಡಾದರೆ ಎಂಜಿನ್ ನಿಲ್ಲುತ್ತದೆ ಅಷ್ಟೇ. ಹೋಂಡಾದ ಡಿ ಮತ್ತು ಬಿ ಸರಣಿಗಳಲ್ಲಿ ವಾಲ್ವುಗಳು ಪಿಸ್ಟನ್ನಿಗೆ ಬಡಿದು ಬಾಗುತ್ತವೆ. ಈ ಹೋಂಡಾ ಎಂಜಿನ್ನುಗಳು ಬೆಲ್ಟಿನ ಕಡೆಯಿಂದ ನೋಡಿದಾಗ ಗಡಿಯಾರದ ವಿರುದ್ಧ ದಿಕ್ಕಿಗೆ ತಿರುಗುತ್ತವೆ. ಗುರುತು ಹೊಂದಿಸುವಾಗ ಕೈಯಲ್ಲಿ ಅದೇ ದಿಕ್ಕಿಗೇ ತಿರುಗಿಸಬೇಕು. ಮಿತ್ಸುಬಿಷಿಯ 4ಜಿ63ರಲ್ಲಿ ಬ್ಯಾಲೆನ್ಸ್ ಶಾಫ್ಟಿಗೆ ಇನ್ನೊಂದು ಸಣ್ಣ ಬೆಲ್ಟ್ ಇದೆ. ಅದು ತುಂಡಾಗಿ ದೊಡ್ಡದನ್ನೂ ಎಳೆದುಕೊಂಡು ಹೋಗಬಹುದು, ಎರಡನ್ನೂ ಒಟ್ಟಿಗೇ ಬದಲಿಸಿ. ಟೊಯೋಟಾದ 22ಆರ್‌ಇಯಲ್ಲಿ ಚೈನ್ ಇದ್ದರೂ ಅದರ ಪ್ಲಾಸ್ಟಿಕ್ ಗೈಡುಗಳು ಮುರಿಯುತ್ತವೆ. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಮುಂಭಾಗದಲ್ಲಿ ಗಲಗಲ ಸದ್ದು ಬಂದರೆ ತಡಮಾಡಬೇಡಿ. ಸಡಿಲವಾದ ಚೈನ್ ಟೈಮಿಂಗ್ ಕವರನ್ನು ಕೊರೆದು ಕೂಲೆಂಟನ್ನು ಆಯಿಲಿಗೆ ಬೆರೆಸಿಬಿಡುತ್ತದೆ.

ರಿಪೇರಿ ಆದ ಮೇಲೆ

ಹಳೆಯ ಸಂಕೇತ ಅಳಿಸಿ. ಟೊಯೋಟಾದಲ್ಲಿ ‘ಇಎಫ್‌ಐ’ ಫ್ಯೂಸನ್ನು, ಅನೇಕ ಹೋಂಡಾಗಳಲ್ಲಿ ‘ಬ್ಯಾಕ್‌ಅಪ್’ ಫ್ಯೂಸನ್ನು ಅರ್ಧ ನಿಮಿಷ ತೆಗೆದಿಟ್ಟು ಮರಳಿ ಹಾಕಿದರೆ ಸಾಕು. ಎಂಜಿನ್ ಪೂರ್ತಿ ಬಿಸಿಯಾಗುವವರೆಗೆ ರಸ್ತೆಯಲ್ಲಿ ಓಡಿಸಿ, ತೊಂದರೆ ಮೊದಲು ಯಾವ ಸಂದರ್ಭದಲ್ಲಿ ಬರುತ್ತಿತ್ತೋ ಅದೇ ಸಂದರ್ಭದಲ್ಲಿ ಪರೀಕ್ಷಿಸಿ, ಮತ್ತೆ ಸಂಕೇತ ಓದಿ. ಮರುದಿನ ಬೆಳಿಗ್ಗೆ ತಣ್ಣಗಿರುವಾಗ ಕೂಲೆಂಟ್ ಮತ್ತು ಆಯಿಲ್ ಮಟ್ಟ ನೋಡಿ. ಐನೂರು ಕಿಲೋಮೀಟರ್ ಓಡಿದ ಮೇಲೆ ಪ್ಲಗ್ಗುಗಳನ್ನು ಇನ್ನೊಮ್ಮೆ ತೆಗೆದು ಬಣ್ಣ ನೋಡಿ. ಕಂಪ್ರೆಷನ್, ವ್ಯಾಕ್ಯೂಮ್, ಸೆನ್ಸರಿನ ಓಮ್ ಅಂಕಿಗಳನ್ನು ತಾರೀಕು ಮತ್ತು ಕಿಲೋಮೀಟರ್ ಸಮೇತ ಪುಸ್ತಕದಲ್ಲಿ ಬರೆದು ಕಾರಿನಲ್ಲೇ ಇಡಿ. ಮುಂದಿನ ಸಲ ಬಾನೆಟ್ ಎತ್ತಿದಾಗ ಯಾವ ಅಂಕಿ ಎಷ್ಟು ಸರಿದಿದೆ ಎಂದು ಅದರಿಂದಲೇ ತಿಳಿಯುತ್ತದೆ.